ದಾಸವಾಳಕ್ಕೆ ಬಿಳಿ ಹುಳ ಹತ್ತಿದೆಯಾ?

ದಾಸವಾಳದ ಚಿಗುರಲ್ಲಿ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದ್ದರೆ ಅದು ಹಿಟ್ಟು ತಿಗಣೆ. ಗಾಬರಿಯಾಗಿ ಗಿಡ ಕಿತ್ತು ಎಸೆಯಬೇಡಿ. ಮೊದಲು ಮುರುಟಿದ ತುದಿಗಳನ್ನು ಕತ್ತರಿಸಿ ಕವರಿಗೆ ಹಾಕಿ ಕಟ್ಟಿಬಿಡಿ. ಕುಂಡದ ಪಕ್ಕದಲ್ಲೇ ಬಿಸಾಡಿದರೆ ಮತ್ತೆ ಹತ್ತುತ್ತದೆ, ನಾನೇ ಮಾಡಿದ ತಪ್ಪು ಅದು! ಆಮೇಲೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಸಂಜೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕುಲುಕಿ, ಎಲೆಯ ಅಡಿಗೂ ಸಿಂಪಡಿಸಿ. ಲಿಕ್ವಿಡ್ ಇಲ್ಲದಿದ್ದರೆ ಎಣ್ಣೆ ಸುಮ್ನೆ ಮೇಲೆ ತೇಲುತ್ತದೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ವಾರ ಮಾಡಿ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ಈ ಹುಳಗಳು ಸುರಿಸುವ ಸಿಹಿ ಅಂಟಿನ ಆಸೆಗೆ ಅವನ್ನು ಕಾಯುವುದು ಇರುವೆಗಳೇ. ನಮ್ಮ ಕೆಂಪು ದಾಸವಾಳದಲ್ಲಿ ಈಗ 11 ಮೊಗ್ಗು!