ಗೇಜ್ ಸರಿ ಅಂತು, ಕಿವಿ ಒಪ್ಪಲಿಲ್ಲ

ದೊಡ್ಡಪ್ಪನ ಗಾಡಿ 1983ರ ಮಾಡೆಲ್. ಪೇಪರಿನಲ್ಲಿ ಪ್ರೀಮಿಯರ್ ಪದ್ಮಿನಿ ಅಂತಿದೆ. ಮುಂಬೈಯಲ್ಲಿ ಅದನ್ನು ಹಾಗೆ ಕರೆಯುವವರು ಕಮ್ಮಿ, ಫಿಯಾಟ್ ಅಂದರೆ ಮುಗಿಯಿತು. ಕುರ್ಲಾದ ಫ್ಯಾಕ್ಟರಿಯಲ್ಲಿ ಹುಟ್ಟಿದ ಈ ಗಾಡಿ ಪಕ್ಕದ ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಮುದಿಯಾಗಿದೆ. ಭಾನುವಾರ ಅದರ ಬಾನೆಟ್ ಎತ್ತುವುದು ನನ್ನ ಕೆಲಸ. ಹೊಟ್ಟೆಪಾಡು ಬೇರೆ ಇದೆ, ಇದು ಚಟ.

ಕಳೆದ ಮಳೆಗಾಲ ಮುಗಿದ ಮೇಲೆ ಟಿಕ್ ಟಿಕ್ ಶುರುವಾಯಿತು.

"ಎಂತ ಮಾರಾಯ, ಗಡಿಯಾರ ನುಂಗಿದ ಹಾಗೆ ಸದ್ದು ಮಾಡ್ತದಲ್ಲ?" ಅಂದರು ದೊಡ್ಡಪ್ಪ. ಅವರಿಗೆ ಎಂಬತ್ತು ದಾಟಿದೆ. ಫೋನ್ ರಿಂಗಾದರೆ ಕೇಳಿಸುವುದಿಲ್ಲ, ಗಾಡಿಯ ಸದ್ದು ಮಾತ್ರ ಮೂರನೇ ಮಹಡಿಗೆ ಕೇಳಿಸುತ್ತದೆ.

ಒಂದು ಗ್ಯಾರೇಜಿಗೆ ತೋರಿಸಿದೆ. ಅವರು ಒಂದು ನಿಮಿಷ ಕೇಳಿ, ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು ಅಂದರು. ಯಾವ ಸದ್ದು ಅಂತ ಹೇಳದೆ ಎಂಜಿನ್ ಬಿಚ್ಚುತ್ತೇನೆ ಅನ್ನುವವರ ಹತ್ತಿರ ನಾನು ನಿಲ್ಲುವುದಿಲ್ಲ. ವಾಪಸ್ ಬಂದೆ.

ಮೊದಲು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡೆ. ಆ ರೆಕಾರ್ಡಿಂಗನ್ನು ನಿಧಾನಕ್ಕೆ ಓಡಿಸಿ ಎಣಿಸಿದರೆ 10 ಸೆಕೆಂಡಿಗೆ 67 ಟಿಕ್, ಅಂದರೆ ನಿಮಿಷಕ್ಕೆ ಸುಮಾರು 400. ಮೀಟರ್ ಹಾಕಿ ನೋಡಿದರೆ ಐಡಲ್‌ನಲ್ಲಿ ಎಂಜಿನ್ ತಿರುಗುತ್ತಿದ್ದದ್ದು ನಿಮಿಷಕ್ಕೆ ಸುಮಾರು 800 ಸುತ್ತು. ಸರಿಯಾಗಿ ಅರ್ಧ! ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ತೆರೆಸುವ ಕ್ಯಾಮ್ ಒಂದು ಸುತ್ತು. ಹಾಗಾದರೆ ಇದು ವಾಲ್ವಿನದೇ ಸದ್ದು ಅಂತ ಕುಣಿದಾಡಿದೆ.

ಸುಮ್ನೆ ಕುಣಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಬಹುತೇಕ ಎಲ್ಲವೂ ಈ ಅರ್ಧ ಲೆಕ್ಕದಲ್ಲೇ ನಡೆಯುತ್ತದೆ. ಒಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. ಹೊಗೆ ಕೊಳವೆಯ ಸಂದು ಮುಚ್ಚುವ ಎಕ್ಸಾಸ್ಟ್ ಗ್ಯಾಸ್ಕೆಟ್ ಲೀಕ್ ಆದರೆ ಅದು ಉಗುಳುವುದೂ ಎರಡು ಸುತ್ತಿಗೊಮ್ಮೆ. ಪೆಟ್ರೋಲ್ ಪಂಪನ್ನು ತಳ್ಳುವುದೂ ಕ್ಯಾಮ್ ಶಾಫ್ಟೇ. ಪ್ಲಗ್ ವೈರಿನಿಂದ ಗಾಡಿಯ ಲೋಹಕ್ಕೆ ಕಿಡಿ ಹಾರಿದರೂ ಅದೇ ತಾಳ. ಎಣಿಸಿ ಎಣಿಸಿ ನಾನು ಅನುಮಾನದಿಂದ ಕೈಬಿಡಲು ಆದದ್ದು ಡೈನಮೊ ಮತ್ತು ಫ್ಯಾನ್ ಕಡೆಯನ್ನು ಮಾತ್ರ.

ಕಿಡಿ ನೋಡುವುದು ಸುಲಭ. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿದೆ, ನೀಲಿ ಮಿಂಚು ಎಲ್ಲೂ ಇಲ್ಲ. ಪಂಪಿಗೆ ಉದ್ದದ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಸಣ್ಣ ಸದ್ದು ಇತ್ತು, ನಾನು ಹುಡುಕುತ್ತಿದ್ದದ್ದಲ್ಲ. (ಇದನ್ನು ಮಾಡುವಾಗ ಅಂಗಿಯ ತೋಳು ಫ್ಯಾನಿನಿಂದ ದೂರ ಇರಲಿ.)

ಆಮೇಲೆ ಪ್ಲಗ್ ವೈರ್ ಒಂದೊಂದಾಗಿ ತೆಗೆಯುವ ಹಳೆಯ ವಿದ್ಯೆ. ತೆಗೆದರೆ ಆ ಸಿಲಿಂಡರಿನಲ್ಲಿ ಬೆಂಕಿ ನಿಲ್ಲುತ್ತದೆ. ರಬ್ಬರ್ ಹಿಡಿಯ ಇಕ್ಕಳ ಬೇಕು. ತೆಗೆದ ವೈರನ್ನು ಗಾಳಿಯಲ್ಲಿ ಬಿಡಬಾರದು, ಅರ್ತಿಗೆ, ಅಂದರೆ ಎಂಜಿನ್ನಿನ ಲೋಹಕ್ಕೆ, ತಾಗಿಸಬೇಕು, ಇಲ್ಲವಾದರೆ ಕಾಯಿಲ್‌ಗೆ ಪೆಟ್ಟು. ಒಂದನೇ, ಎರಡನೇ, ನಾಲ್ಕನೇ ಸಿಲಿಂಡರಿನ ವೈರ್ ತೆಗೆದಾಗ ಟಿಕ್ ಹಾಗೇ ಇತ್ತು. ಮೂರನೆಯದನ್ನು ತೆಗೆದಾಗ ಕಮ್ಮಿ ಆಯಿತು. ಆದರೆ ಪೂರ್ತಿ ಹೋಗಲಿಲ್ಲ. ಇಲ್ಲೇ ನಾನು ಒಂದು ವಾರ ಸಿಕ್ಕಿಬಿದ್ದೆ.

ಬೆಂಕಿ ನಿಂತರೆ ಸದ್ದು ಕಮ್ಮಿ ಆಗುವುದು ಗ್ಯಾಸ್ ಲೀಕ್ ಆಗಿದ್ದರೆ, ಇಲ್ಲವೇ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯದು) ಹೋಗಿದ್ದರೆ. ಬೇರಿಂಗ್ ಸದ್ದು ಹೀಗೆ ತೆಳ್ಳಗಿರುವುದಿಲ್ಲ, ಹೊಟ್ಟೆಯೊಳಗಿಂದ ಢಕ್ ಢಕ್ ಅಂತ ಬರುತ್ತದೆ. ಹಾಗಾಗಿ ಲೀಕ್ ಅಂದುಕೊಂಡೆ. ದೊಡ್ಡಪ್ಪ, "ಊದುಬತ್ತಿ ಹಚ್ಚಿ ಹಿಡಿ, ಹೊಗೆ ಅಲ್ಲಾಡಿದಲ್ಲಿ ಲೀಕ್" ಅಂದರು. ಒಳ್ಳೆಯ ಐಡಿಯಾ, ಆದರೆ ಪೆಟ್ರೋಲ್ ತುಂಬಿದ ಕಾರ್ಬ್ಯುರೇಟರ್ ಪಕ್ಕದಲ್ಲಿ ಊದುಬತ್ತಿ ಹಚ್ಚಿದರೆ ಗಾಡಿಗೇ ಆರತಿ ಎತ್ತಿದ ಹಾಗೆ. ಬದಲಿಗೆ ಒಂದು ಮೊಳ ರಬ್ಬರ್ ಪೈಪನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಉದ್ದಕ್ಕೂ ಆಡಿಸಿದೆ. ಮೂರನೇ ಸಿಲಿಂಡರಿನ ಹತ್ತಿರ ಕಿವಿಗೆ ಹೊಡೆದ ಹಾಗೆ ಫಟ್ ಫಟ್. ಟಾರ್ಚ್ ಬಿಟ್ಟರೆ ಗ್ಯಾಸ್ಕೆಟ್ ಅಂಚಿನಲ್ಲಿ ಕಾಡಿಗೆಯ ಗೆರೆ. ಬೆಳಿಗ್ಗೆ ತಣ್ಣಗಿದ್ದಾಗ ಸದ್ದು ಜಾಸ್ತಿ, ಬಿಸಿಯಾದಂತೆ ಕಮ್ಮಿ ಆಗುತ್ತಿದ್ದದ್ದೂ ಇದಕ್ಕೇ. ಲೋಹ ಹಿಗ್ಗಿ ಸಂದು ಮುಚ್ಚುತ್ತಿತ್ತು.

ಗ್ಯಾಸ್ಕೆಟ್ ಬದಲಿಸಿದೆ. ಸದ್ದು ಅರ್ಧ ಹೋಯಿತು. ಉಳಿದರ್ಧ ಬಿಸಿಯಾದರೂ ಹೋಗಲಿಲ್ಲ. ಆಗ ಗೊತ್ತಾಯಿತು, ಒಂದೇ ತಾಳದಲ್ಲಿ ಎರಡು ಸದ್ದು ಬರುತ್ತಿತ್ತು ಅಂತ.

ಉಳಿದದ್ದು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ಎಂಬ ಸಣ್ಣ ತೋಳಿನ ನಡುವಿನ ಗ್ಯಾಪ್. ಆದರೆ ಟ್ಯಾಪೆಟ್ ಸೆಟ್ ಮಾಡಿ ಎರಡು ತಿಂಗಳೂ ಆಗಿರಲಿಲ್ಲ! ಆದರೂ ಇನ್ನೊಮ್ಮೆ ಮಾಡಿದೆ. ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಗೇಣು ಗೇಣು ತಳ್ಳುವುದು. ಎರಡನೇ ಸಿಲಿಂಡರಿನಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುವ ಹೊತ್ತಿಗೆ ಮೂರನೆಯದರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಆಗ ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ, ಸ್ಕ್ರೂ ತಿರುಗಿಸಿ, ಲಾಕ್ ನಟ್ ಬಿಗಿ ಮಾಡುವುದು. ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಒಂದಿಷ್ಟು ತಿರುಗುತ್ತದೆ, ಅದಕ್ಕೆ ಮತ್ತೆ ಅಳೆಯಬೇಕು. ಎಂಟು ವಾಲ್ವೂ ಕರೆಕ್ಟ್. ಸ್ಟಾರ್ಟ್ ಮಾಡಿದರೆ ಮತ್ತೆ ಟಿಕ್ ಟಿಕ್. ಇಷ್ಟು ಹೊತ್ತಿಗೆ ಸೊಸೈಟಿ ಸೆಕ್ರೆಟರಿ ಎರಡು ಸಲ ಬಂದು ಹೋಗಿದ್ದರು.

ಹಳೆಯ ಅಂಗಿ ಹಾಕಿಕೊಂಡು, ಟ್ಯಾಪೆಟ್ ಕವರ್ ತೆಗೆದೇ ಎಂಜಿನ್ ಐಡಲ್‌ನಲ್ಲಿ ಬಿಟ್ಟೆ. ಎಣ್ಣೆ ಮುಖಕ್ಕೆ ಹಾರುತ್ತದೆ, ಹಾರಲಿ. ಒಂದೊಂದೇ ರಾಕರ್ ಮತ್ತು ವಾಲ್ವಿನ ನಡುವೆ ಗೇಜ್ ಪಟ್ಟಿ ತೂರಿಸುತ್ತಾ ಹೋದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ತೂರಿಸಿದ ತಕ್ಷಣ ಸದ್ದು ನಿಂತಿತು. ಪಟ್ಟಿ ಎಳೆದೆ, ಮತ್ತೆ ಟಿಕ್. ಎಂಟರಲ್ಲಿ ಕಳ್ಳ ಸಿಕ್ಕ. ಆದರೆ ಅಳೆದರೆ ಗ್ಯಾಪ್ ಸರಿಯಾಗೇ ಇದೆ!

ರಾಕರ್ ಶಾಫ್ಟ್ ಬಿಚ್ಚಿ, ಆ ರಾಕರನ್ನು ಕುರ್ಲಾದಲ್ಲಿ ಲೇತ್ ಇಟ್ಟುಕೊಂಡಿರುವ ಗೋಕಾಕ್ ಕಡೆಯ ಅಣ್ಣನ ಹತ್ತಿರ ಒಯ್ದೆ. ಅವರು ನೋಡಲೂ ಇಲ್ಲ, ರಾಕರಿನ ಮೂತಿಯ ಮೇಲೆ ಉಗುರು ಆಡಿಸಿದರು ಅಷ್ಟೇ.

"ತಗ್ಗು ಬಿದ್ದೈತ್ರಿ ಸಾಹೇಬ್ರ. ನಿಮ್ಮ ಪಟ್ಟಿ ಅಗಲ ಐತಿ, ತಗ್ಗಿನ ಮ್ಯಾಲ ಹಲಗಿ ಹಾಸಿದಂಗ ಕುಂದರತೈತಿ. ಗೇಜ್ ಸುಳ್ಳು ಹೇಳತೈತಿ."

ನಾನೂ ಉಗುರು ಆಡಿಸಿದೆ. ವಾಲ್ವಿನ ತುದಿ ಬಡಿದು ಬಡಿದು, ಅದರಷ್ಟೇ ಅಗಲದ ಒಂದು ಗುಂಡಿ. ಎರಡೂ ಕಡೆ ಸವೆಯದ ಅಂಚು, ಗೇಜ್ ಪಟ್ಟಿ ಕೂರುತ್ತಿದ್ದದ್ದು ಆ ಅಂಚಿನ ಮೇಲೆ. ಗುಂಡಿಯ ಆಳ ಸುಮಾರು 0.2 ಮಿ.ಮೀ. ಅಂದರೆ ನಾನು ಎಷ್ಟು ಸಲ ಸೆಟ್ ಮಾಡಿದರೂ ಅಷ್ಟು ಗ್ಯಾಪ್ ಜಾಸ್ತಿಯೇ ಉಳಿಯುತ್ತಿತ್ತು.

ಉಜ್ಜಿ ಸಪಾಟ ಮಾಡಿಕೊಡಿ ಅಂದೆ. ಒಪ್ಪಲಿಲ್ಲ. ಮೂತಿಯ ಮೇಲ್ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ, ಅಷ್ಟು ಆಳ ಉಜ್ಜಿದರೆ ಒಳಗಿನ ಮೆತ್ತನೆ ಕಬ್ಬಿಣ ಮೇಲೆ ಬಂದು ಬೇಗ ಸವೆಯುತ್ತದೆ ಅಂದರು. ಸರಿ, ಗುಜರಿಯಲ್ಲಿ ಹುಡುಕಿದೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಫಿಯಾಟ್ ಟ್ಯಾಕ್ಸಿಯ 20 ವರ್ಷದ ಅವಧಿ ಮುಗಿಯಿತಲ್ಲ, ಆ ಕಪ್ಪು-ಹಳದಿ ಗಾಡಿಗಳ ಅಂಗಾಂಗ ಇನ್ನೂ ಅಲ್ಲಿ ಇಲ್ಲಿ ಸಿಗುತ್ತದೆ. ಎಣ್ಣೆ ಜಿಡ್ಡಿನ ಡಬ್ಬದಲ್ಲಿದ್ದ ಹದಿನೈದು ರಾಕರಿಗೆ ಉಗುರು ಆಡಿಸಿ ಒಂದನ್ನು ಆರಿಸಿದೆ. ಅಂಗಡಿಯವನಿಗೆ ನನ್ನ ಮೇಲೆ ಸ್ವಲ್ಪ ಅನುಮಾನ ಬಂದಿರಬೇಕು.

ಅದೊಂದೇ ಯಾಕೆ ಸವೆಯಿತು? ಶಾಫ್ಟಿನಲ್ಲಿ ಆ ರಾಕರಿಗೆ ಎಣ್ಣೆ ಕೊಡುವ ತೂತು ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು. ಸಣ್ಣ ತಂತಿ ಹಾಕಿ ತೆಗೆದೆ. ಇದನ್ನು ಬಿಟ್ಟು ರಾಕರ್ ಮಾತ್ರ ಬದಲಿಸಿದ್ದರೆ ವರ್ಷದೊಳಗೆ ಮತ್ತೆ ಅದೇ ಪಾಡು. ಎಂಜಿನ್ ಆಯಿಲ್ ಕೂಡ ಬದಲಿಸಿದೆ. ಹಳೆಯದು ಡಾಂಬರಿನ ಹಾಗಿತ್ತು, ಅದಕ್ಕೆ ನಾನೇ ಹೊಣೆ.

ಜೋಡಿಸಿ ಸ್ಟಾರ್ಟ್ ಮಾಡಿದಾಗ ದೊಡ್ಡಪ್ಪ ಕೆಳಗೆ ಬಂದು ಬಾನೆಟ್ಟಿಗೆ ಕಿವಿ ಕೊಟ್ಟರು.

"ಸಣ್ಣಕೆ ಇನ್ನೂ ಉಂಟಲ್ಲ?"

"ಅದು ಇರಬೇಕು ದೊಡ್ಡಪ್ಪ. ಆ ಗ್ಯಾಪೂ ತೆಗೆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಟ್ಟುಹೋಗ್ತದೆ."

ಅವರು ಇನ್ನೂ ಸ್ವಲ್ಪ ಹೊತ್ತು ಕೇಳುತ್ತಾ ನಿಂತರು. ಆಮೇಲೆ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತರು. "ಮಾಟುಂಗಾಕ್ಕೆ ಹೋಗಿ ಕಾಫಿ ಕುಡ್ಕೊಂಡು ಬರುವ, ನಡಿ."