ಬರೀ ಬ್ಯೂಟೇನ್ ಕ್ಯಾನ್‌ನಲ್ಲಿ ಹಂಪ್ಟಾ ಪಾಸ್: ನನ್ನ ಸ್ಟೋವ್ ಅನುಭವ

ಉದ್ದ ಮೂತಿಯ ಅಗ್ಗದ ಬ್ಯೂಟೇನ್ ಗ್ಯಾಸ್ ಕ್ಯಾನ್ ತಗೊಂಡು ಮನಾಲಿ ಹತ್ರದ ಹಂಪ್ಟಾ ಪಾಸ್‌ಗೆ ಬರ್ತೀನಿ ಅಂದಾಗ ನಮ್ಮ ಗುಂಪಲ್ಲಿ ಒಬ್ರೂ ಒಪ್ಪಿರ್ಲಿಲ್ಲ. ಸೊನ್ನೆ ಡಿಗ್ರಿ ಹತ್ರ ಬಂದ್ರೆ ಬ್ಯೂಟೇನ್ ಗ್ಯಾಸೇ ಆಗಲ್ಲ, ನೀರಿನ ತರ ತಳದಲ್ಲಿ ಕೂತ್ಕೊಳುತ್ತೆ, ಸುಮ್ನೆ ದುಡ್ಡು ಕೊಟ್ಟು ಒಳ್ಳೆ ಮಿಕ್ಸ್ (ಐಸೋಬ್ಯೂಟೇನ್-ಪ್ರೊಪೇನ್ ಬೆರೆಸಿದ ಗ್ಯಾಸ್) ತಗೋ ಅಂದ್ರು. ಸೆಪ್ಟೆಂಬರ್ ಕೊನೇಲಿ ದಾರಿಯ ಕ್ಯಾಂಪ್ ಬಾಲು ಕಾ ಘೇರಾದಲ್ಲಿ ಬೆಳಗ್ಗೆ ಟೆಂಟ್ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಅದೇ ಕ್ಯಾನಲ್ಲಿ ಕಾಫಿ ಕಾಯಿಸಿ ಅವ್ರಿಗೇ ಮೊದ್ಲು ಕೊಟ್ಟೆ.

ಸ್ಟೋವ್ ಆರಿಸೋಕೆ ಮುಂಚೆ ಇಂಧನ ಆರಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಿಂದ ವಿಮಾನದಲ್ಲಿ ಗ್ಯಾಸ್ ಕ್ಯಾನ್ ಕ್ಯಾಬಿನ್ ಬ್ಯಾಗಲ್ಲೂ ಬಿಡಲ್ಲ ಚೆಕ್-ಇನ್‌ನಲ್ಲೂ ಬಿಡಲ್ಲ, ಸ್ಪಿರಿಟ್‌ಗೂ ಅದೇ ಕತೆ. ಅಂದ್ರೆ ಮನಾಲಿಯಲ್ಲಿ ಇಳಿದ್ಮೇಲೆ ಏನು ಸಿಗುತ್ತೋ ಅದೇ ನಮ್ಮ ಇಂಧನ. ಆ ಮಿಕ್ಸ್ ಬರೋ, ತಿರುಗಿಸಿ ಕೂರಿಸೋ ಸ್ಕ್ರೂ ಕ್ಯಾನ್ ನಾನು ಹೋದಾಗ ಐನೂರರ ಆಸುಪಾಸು ಇತ್ತು, ಸೀಸನ್‌ನಲ್ಲಿ ಇನ್ನೂ ಜಾಸ್ತಿ ಕೇಳ್ತಾರೆ, ಎಷ್ಟೋ ಸಲ ಸ್ಟಾಕೇ ಇರಲ್ಲ. ಉದ್ದ ಕ್ಯಾನ್ ನೂರೈವತ್ತರಿಂದ ಇನ್ನೂರು ಇತ್ತು. ಎರಡರಲ್ಲೂ ಗ್ಯಾಸ್ ಹತ್ರಹತ್ರ 220-230 ಗ್ರಾಂ.

ಇದಕ್ಕೆ ಮುಂಚೆ ಎಲ್ಲಾ ಮಾಡಿ ನೋಡಿದ್ದೀನಿ. ಬಿಯರ್ ಕ್ಯಾನ್ ಕತ್ತರಿಸಿ ಸ್ಪಿರಿಟ್ ಸ್ಟೋವ್ ಮಾಡ್ಕೊಂಡಿದ್ದೆ, ಹದಿನೈದು ಗ್ರಾಂ ಕೂಡ ಇಲ್ಲ, ತೂಕ ನೋಡಿ ಎಲ್ರೂ ಖುಷಿಪಟ್ರು. ಆದ್ರೆ ಅರ್ಧ ಲೀಟರ್ ಕುದಿಸೋಕೆ 30 ಎಂ.ಎಲ್. ಬೇಕು, ಗಾಳಿ ಬಿದ್ರೆ ಅದೂ ಸಾಲದು, ಬಿಸಿಲಲ್ಲಿ ಜ್ವಾಲೆ ಕಣ್ಣಿಗೇ ಕಾಣಲ್ಲ, ನಾಲ್ಕೈದು ದಿನದ ಸ್ಪಿರಿಟ್ ಹೊತ್ರೆ ಸ್ಟೋವಲ್ಲಿ ಉಳಿಸಿದ ತೂಕವೆಲ್ಲ ಬಾಟ್ಲಿಗೆ ಹೋಯ್ತು. ಹೆಕ್ಸಮೈನ್ ಅನ್ನೋ ಘನ ಇಂಧನದ ಮಾತ್ರೆ ಅಂತೂ ಪಾತ್ರೆ ತಳಕ್ಕೆ ಅಂಟು ಮಸಿ ಹಿಡಿಸುತ್ತೆ, ಆ ವಾಸನೆಗೆ ಊಟವೇ ಸೇರಲ್ಲ. ಆಮೇಲೆ 25 ಗ್ರಾಂನ ಟೈಟೇನಿಯಂ ಸ್ಟೋವ್, ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟಿದ್ದೆ. ಅಂಗೈಯಲ್ಲಿ ಕಳೆದುಹೋಗೋವಷ್ಟು ಸಣ್ಣದು, ಆದ್ರೆ ಗಾಳಿಗೆ ನಿಲ್ಲಲ್ಲ, ಸುತ್ತ ಫಾಯಿಲ್ ಕಟ್ಟೋಣ ಅಂದ್ರೆ ಕ್ಯಾನ್ ಅದರ ಕೆಳಗೇ ಇರುತ್ತೆ, ಬಿಸಿಯಾಗಿ ಸಿಡಿಯೋ ಅಪಾಯ, ಅದನ್ನ ಯಾರೂ ಮಾಡ್ಬೇಡಿ.

ಕೊನೆಗೆ ನಿಂತದ್ದು ಹೋಸ್ ಇರೋ ಸ್ಟೋವ್‌ಗೆ. ಇನ್ನೂರು ಗ್ರಾಂ ಹತ್ರ ಬರುತ್ತೆ, ಎರಡೂವರೆ ಸಾವಿರ ಆಯ್ತು, ಉದ್ದ ಕ್ಯಾನ್‌ಗೆ ಅಡಾಪ್ಟರ್ ಇನ್ನೊಂದು ಮುನ್ನೂರು. ಹಗುರದ್ದು ಬಿಟ್ಟು ಭಾರದ್ದು ತಗೊಂಡ ಅಂತ ಮತ್ತೆ ಮಾತು ಬಂತು. ಆದ್ರೆ ಕ್ಯಾನ್ ದೂರ ಇರೋದ್ರಿಂದ ಬರ್ನರ್ ಸುತ್ತ ಧೈರ್ಯವಾಗಿ ಗಾಳಿತಡೆ ಇಡಬಹುದು, ಅಲ್ಲೇ ಗ್ಯಾಸ್ ಉಳಿಯೋದು. ಕ್ಯಾನ್ ಮಲಗಿಸುವಾಗ ಬಾಯಂಚಿನ ಕಚ್ಚು ಮೇಲಕ್ಕೇ ಇರ್ಬೇಕು, ಇಲ್ದಿದ್ರೆ ದ್ರವವೇ ಹರಿದು ಬೆಂಕಿ ಭಗ್ ಅಂತ ಏಳುತ್ತೆ.

ಘಟ್ಟದ ಕಾಡಲ್ಲಿ ಫಾರೆಸ್ಟ್‌ನವ್ರು ಬೆಂಕಿ ಹಚ್ಚೋಕೆ ಬಿಡಲ್ಲ, ಬಿಡಬಾರದು ಕೂಡ, ಹಾಗಾಗಿ ಟೆಸ್ಟ್ ಎಲ್ಲಾ ನಮ್ಮ ತಾರಸಿ ಮೇಲೆ. ಬಕೆಟ್ ತುಂಬ ಐಸ್ ನೀರು ಹಾಕಿ ಕ್ಯಾನ್ ಮುಳುಗಿಸಿ ಹಚ್ಚಿದೆ, ಐದಾರು ನಿಮಿಷಕ್ಕೆ ಜ್ವಾಲೆ ಸೊರಗಿ ಹೋಯ್ತು. ನೋಡಿದ್ಯಾ ಅಂದ್ರು ಎಲ್ರೂ. ಆದ್ರೆ ಬೆಂಗಳೂರು ಇರೋದು 900 ಮೀಟರಲ್ಲಿ! ಸಮುದ್ರಮಟ್ಟದಲ್ಲಿ -0.5 ಡಿಗ್ರಿಗೆ ಕುದಿಯೋ, ಅಂದ್ರೆ ದ್ರವದಿಂದ ಗ್ಯಾಸ್ ಆಗೋ ಬ್ಯೂಟೇನ್, ಬಾಲು ಕಾ ಘೇರಾದ 3600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿಯಾಗಿ ಸುಮಾರು -12ರಲ್ಲೇ ಕುದಿಯುತ್ತೆ. ತಾರಸಿಯಲ್ಲಿ ಫೇಲ್ ಆದ ಅದೇ ಚಳಿ ಅಲ್ಲಿ ಪಾಸ್ ಆಗುತ್ತೆ ಅಂತ ನಾನು ಹೋಗೋ ಮುಂಚೇನೇ ಹೇಳಿದ್ದೆ.

ಉರೀತಾ ಉರೀತಾ ಕ್ಯಾನ್ ತಾನೇ ತಣ್ಣಗಾಗೋದು ಇನ್ನೊಂದು ತೊಂದ್ರೆ. ಅದಕ್ಕೆ ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಕ್ಯಾನ್, ಬೆಳಗ್ಗೆ ತಟ್ಟೆಯಲ್ಲಿ ಎರಡು ಬೆರಳಷ್ಟು ಹೊಳೆ ನೀರು ಹಾಕಿ ಅದ್ರಲ್ಲಿ ಕ್ಯಾನ್. ಹೊಳೆ ನೀರು ಎಷ್ಟು ತಣ್ಣಗಿದ್ರೂ ಉರಿಯೋ ಕ್ಯಾನ್‌ಗಿಂತ ಬೆಚ್ಚಗೇ. ಪಾತ್ರೆ ನೀರು ಉಗುರುಬೆಚ್ಚಗಾದಾಗ ಒಂದು ಸೌಟು ತಟ್ಟೆಗೆ, ಕೈ ತಡೆಯೋಷ್ಟೇ ಬಿಸಿ. ಗಾಳಿತಡೆಗೆ ನಾನು ಎಲ್ಲಿ ತೂತು ಹೊಡೀತೀನಿ, ಎಷ್ಟು ಎತ್ತರ ಬಿಡ್ತೀನಿ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಅದಕ್ಕೆ ಒಂದು ಇಡೀ ಮಳೆಗಾಲ ಹೋಗಿದೆ.

ಅಡುಗೆ ವಿಷ್ಯ. ಆ ಎತ್ತರದಲ್ಲಿ ನೀರು 87-88 ಡಿಗ್ರಿಗೇ ಕುದಿಯುತ್ತೆ, ಅಕ್ಕಿ ಎಷ್ಟು ಬೇಯಿಸಿದ್ರೂ ನಡುವೆ ಗಟ್ಟಿ, ಬೇಳೆಯಂತೂ ಕನಸು. ಮನೇಲೇ ಹುರಿದು ಒಗ್ಗರಣೆ ಸೇರಿಸಿದ ರವೆ, ತೆಳು ಅವಲಕ್ಕಿ, ಇವೆರಡೇ. ರವೆಗೆ ಬಿಸಿನೀರು ಸುರಿದು ಸ್ಟೋವ್ ಆರಿಸಿ, ಪಾತ್ರೆನ ಜಾಕೆಟ್‌ನಲ್ಲಿ ಸುತ್ತಿ ಹತ್ತು ನಿಮಿಷ ಇಟ್ರೆ ಉಪ್ಪಿಟ್ಟು ಸೊಗಸಾಗಿ ಅರಳುತ್ತೆ. ಕಾಫಿಗೆ ಮನಾಲಿ ರೂಮಲ್ಲೇ ಗಟ್ಟಿ ಡಿಕಾಕ್ಷನ್ ಇಳಿಸಿ ಸಣ್ಣ ಬಾಟ್ಲಲ್ಲಿ ಒಯ್ದಿದ್ದೆ, ಹಾಲಿನ ಪುಡಿ ಜೊತೆ, ಆ ಚಳಿಗೆ ಮೂರನೇ ದಿನಕ್ಕೂ ಕೆಟ್ಟಿರ್ಲಿಲ್ಲ.

ಇಬ್ಬರ ಅಡುಗೆಗೆ ಪಾಸ್ ದಾಟಿ ಆಚೆ ಕಡೆಯ ಛತ್ರುಗೆ ಇಳಿಯೋವರೆಗೂ ಒಂದೇ ಕ್ಯಾನ್ ಬಂತು, ಅಲ್ಲಾಡಿಸಿದ್ರೆ ಇನ್ನೂ ಕಾಲು ಭಾಗ ಇತ್ತು ಅನ್ನಿಸ್ತು. ಡಿಸೆಂಬರ್‌ನ ಕೇದಾರಕಂಠ ಟ್ರೆಕ್ಕಿಗೆ ಮಾತ್ರ ಇದನ್ನ ನಂಬ್ಕೊಂಡು ಹೋಗಲ್ಲ, ರಾತ್ರಿ -10 ಆಸುಪಾಸಿಗೆ ಇಳಿದ್ರೆ ಬ್ಯೂಟೇನ್‌ಗೆ ಒತ್ತಡವೇ ಉಳಿಯಲ್ಲ, ತಟ್ಟೆಯ ನೀರೂ ಹೆಪ್ಪುಗಟ್ಟುತ್ತೆ, ಅಲ್ಲಿಗೆ ಐಸೋಬ್ಯೂಟೇನ್-ಪ್ರೊಪೇನ್ ಮಿಕ್ಸೇ ಸರಿ, ಎಷ್ಟು ಕೇಳಿದ್ರೂ ಕೊಟ್ಟು ತಗೋತೀನಿ.