ಬೈಪಾಸ್ ಆದ ಮೇಲೆ ಕರುಳು ಹೊಸ ಕೆಲಸ ಕಲಿಯುವುದು ಹೀಗೆ

ಸಿಂಧನೂರಿನ ನಮ್ಮ ಅತ್ತಿಗೆಗೆ ಬೈಪಾಸ್ ಆಗಿ ಎರಡು ವರ್ಷವಾಯಿತು. ಹೃದಯದ್ದಲ್ಲ, ತೂಕ ಇಳಿಸುವ ಬೈಪಾಸ್. ಮನೆಗೆ ಬಂದ ಮೊದಲ ವಾರ ಅವರ ಮುಂದೆ ಇರುತ್ತಿದ್ದದ್ದು ಒಂದು ಪುಟ್ಟ ಸ್ಟೀಲ್ ಬಟ್ಟಲು, ಅದರಲ್ಲಿ ತೆಳುವಾದ ಬೇಳೆಕಟ್ಟು. ಚಮಚದಿಂದ ಗುಟುಕು ಗುಟುಕಾಗಿ ಅರ್ಧ ಗಂಟೆ ಕುಡಿಯುತ್ತಿದ್ದರು. "ಇಷ್ಟರಾಗ ಹ್ಯಾಂಗ ಜೀವ ಹಿಡೀಬೇಕವ್ವಾ ನೀನು?" ಅಂತ ನಮ್ಮ ಅವ್ವ ಅಳುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಕರುಳಿನಲ್ಲಿದೆ.

ಮೊದಲು ದಾರಿ ತಿಳಿದುಕೊಳ್ಳಿ. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ, ಕೆಳಗಿನ ತುದಿಯನ್ನು ಎತ್ತಿ ಆ ಚೀಲಕ್ಕೆ ಹೊಲಿಯುತ್ತಾರೆ. ಕರುಳಿನ ಮೊದಲ ಭಾಗವನ್ನು ತೆಗೆದು ಬಿಸಾಡುವುದಿಲ್ಲ. ಪಿತ್ತರಸ ಅದರೊಳಗೇ ಹರಿದು, ಕೆಳಗೆ ಬಂದು ಊಟದ ಜೊತೆ ಸೇರುತ್ತದೆ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನ ಹೊಲಗಳು ನೀರು ಕುಡಿದ ಮೇಲೆ ಕೊನೆ ಭಾಗಕ್ಕೆ ಬರುವುದೆಷ್ಟು? ಕರುಳಿನಲ್ಲೂ ಹಾಗೇ. ಊಟದ ಸಾರವನ್ನು ಜಾಸ್ತಿ ಹೀರುವುದು ಮೇಲಿನ ಭಾಗ. ಬೈಪಾಸ್ ಆದ ಮೇಲೆ ಮೇಲಿನ ತೂಬು ಮುಚ್ಚಿ, ಕೆಳಗಿನ ಹೊಲಕ್ಕೆ ಒಮ್ಮೆಲೇ ನೀರು ಬಿಟ್ಟಂತೆ.

ಆ ಹೊಲ ಸುಮ್ನೆ ಕೂರುವುದಿಲ್ಲ. ಕೆಳ ಕರುಳಿಗೆ ಊಟ ಬೇಗ ತಲುಪಿದಾಗ ಅಲ್ಲಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಜಾಸ್ತಿ ಹೊರಡುತ್ತದೆ. ಇನ್ಸುಲಿನ್ ಬಿಡು ಎಂದು ಮೇದೋಜೀರಕ ಗ್ರಂಥಿಗೆ, ಹೊಟ್ಟೆ ತುಂಬಿತು ಎಂದು ಮಿದುಳಿಗೆ ಅದು ಸುದ್ದಿ ಮುಟ್ಟಿಸುತ್ತದೆ. ಎಷ್ಟೋ ಜನರಿಗೆ ತೂಕ ಇಳಿಯುವ ಮೊದಲೇ ಶುಗರ್ ಇಳಿಯುತ್ತದೆ. ಹಾಗಾಗಿ ಶುಗರ್ ಮಾತ್ರೆ ಎಷ್ಟು ಕಡಿಮೆ ಮಾಡಬೇಕು ಎಂದು ಡಾಕ್ಟರನ್ನು ಮೊದಲ ವಾರದಲ್ಲೇ ಕೇಳಿ.

ಇನ್ನೊಂದು ಕೆಲಸ ನಿಧಾನದ್ದು. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂಥ ಚಾಚುಗಳಿವೆ. ಅವುಗಳ ಮೇಲಿನ ಜೀವಕೋಶಗಳು 3-5 ದಿನಕ್ಕೊಮ್ಮೆ ಉದುರಿ ಹೊಸದಾಗುತ್ತವೆ. ಬೈಪಾಸ್ ನಂತರ ಊಟದ ಹೊಡೆತ ನೇರವಾಗಿ ಬೀಳುವ ಭಾಗದಲ್ಲಿ ಗೋಡೆ ದಪ್ಪವಾಗುತ್ತಾ ಹೋಗುತ್ತದೆ. ಹಾಗೆ ಬೆಳೆಯುವ ಕರುಳು ತನ್ನ ಖರ್ಚಿಗೆ ರಕ್ತದ ಸಕ್ಕರೆಯನ್ನೇ ಎಳೆದುಕೊಳ್ಳುತ್ತದೆ ಎಂಬುದು 2013ರಲ್ಲಿ ಇಲಿಗಳ ಅಧ್ಯಯನದಲ್ಲಿ ಕಂಡಿತು.

ಈ ಬೆಳವಣಿಗೆಗೆ ಸರಕು ಬೇಕು, ಅಲ್ವಾ? ಅದಕ್ಕೇ ಪ್ರೋಟೀನ್. ದಿನಕ್ಕೆ 60 ಗ್ರಾಂ ಆದರೂ ಮುಟ್ಟಬೇಕು. ಮೊದಲು ನೀರು ನೀರಾದದ್ದು, ಆಮೇಲೆ ನುಣ್ಣಗೆ ಅರೆದದ್ದು, ನಂತರ ಮೆತ್ತಗಿನದು. ಮೊಸರು, ಮೊಟ್ಟೆ, ಬೇಯಿಸಿ ಹಿಸುಕಿದ ಹೆಸರುಕಾಳು ಮೊದಲು ತಿನ್ನಿ. ಅನ್ನಕ್ಕೆ ಸರದಿ ಕೊನೆಗೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಸಿಹಿಯ ವಿಷಯದಲ್ಲಿ ಕರುಳು ಮುಲಾಜು ನೋಡುವುದಿಲ್ಲ. ಯುಗಾದಿಯ ದಿನ ಅತ್ತಿಗೆ ಅರ್ಧ ಹೋಳಿಗೆ ತಿಂದರು. ಕಾಲು ಗಂಟೆಯಲ್ಲಿ ಹಣೆಯ ಮೇಲೆ ಬೆವರು, ಎದೆ ಡವಡವ, ಹೊಟ್ಟೆಯಲ್ಲಿ ನುಲಿತ. ಗೋಡೆಗೆ ಒರಗಿ ಕೂತರು. ಸಿಹಿ ಒಮ್ಮೆಲೇ ಕರುಳಿಗೆ ಇಳಿದು, ಮೈಯೊಳಗಿನ ನೀರನ್ನು ಕರುಳಿನೊಳಕ್ಕೆ ಎಳೆದುಕೊಂಡಾಗ ಹೀಗಾಗುತ್ತದೆ.

ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆಯನ್ನು ಮಾತ್ರ ಕರುಳು ತಾನೇ ತುಂಬಿಕೊಳ್ಳಲಾರದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರುವ ಮೇಲ್ಭಾಗ ಈಗ ಊಟದ ದಾರಿಯಲ್ಲಿಲ್ಲ. ಬಿ12ಕ್ಕೆ ಜಠರದ ರಸ ಬೇಕು, ಅದೂ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಮಾತ್ರೆ ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆ ಮೇಲೆ ಚಹಾ ಕುಡಿಯಬೇಡಿ. ಆರಾಮ ಇದ್ದೀನಿ ಅಂತ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಮೈಯಲ್ಲಿ ಕೂಡಿಟ್ಟ ಬಿ12 ಮುಗಿಯಲು ವರ್ಷಗಳೇ ಹಿಡಿಯಬಹುದು, ಅಲ್ಲಿವರೆಗೆ ಕೊರತೆ ಗೊತ್ತೇ ಆಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗಬಹುದು.

ವಾಂತಿ ಎರಡು-ಮೂರು ದಿನ ನಿಲ್ಲದಿದ್ದರೆ ಕಾಯಬೇಡಿ. ಮೈಯಲ್ಲಿ ಬಿ1 ವಿಟಮಿನ್ ಬೇಗ ಖಾಲಿಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಸುಸ್ತು ಅಂದರೆ ಸಾಕು, ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಸೂಜಿ ಚುಚ್ಚುವ ಮೊದಲೇ ಹೇಳಿಬಿಡಿ: "ನನಗೆ ಹೊಟ್ಟೆಯ ಬೈಪಾಸ್ ಆಗಿದೆ, ಮೊದಲು ಬಿ1 ಕೊಡಿ."